ಕೂರೋಕೆ ಕುರ್ಚಿ, ಹೋಗುವ ನಿರ್ಧಾರ: ಇಂಗ್ಲಿಷ್ ನಾಮಪದದ ಬೆನ್ನಿಗೆ ಬರುವ 'ಟು'

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ನಾಲ್ಕು ಗೇಟಿಗೊಂದು 'ಟು-ಲೆಟ್' ಬೋರ್ಡು ನೇತಾಡುತ್ತಿರುತ್ತದೆ. ನಡುವಿನ ಅಡ್ಡಗೆರೆಯ ಜಾಗಕ್ಕೆ ಯಾರೋ ಕಿಡಿಗೇಡಿ 'ಐ' ಅಕ್ಷರ ಸೇರಿಸಿ ಮನೆಯನ್ನು ಶೌಚಾಲಯ ಮಾಡಿಟ್ಟಿರುವುದೂ ಉಂಟು. ನಾವಂತೂ ಅದನ್ನು ಒಂದೇ ಪದ ಮಾಡಿಕೊಂಡು 'ಆ ಮನೆಗೆ ಟೂಲೆಟ್ ಹಾಕಿದಾರೆ' ಎನ್ನುತ್ತೇವೆ. ಅಸಲಿಗೆ ಅದು 'ಹೌಸ್ ಟು ಲೆಟ್' ಎಂಬುದರ ಬಾಲ ಮಾತ್ರ. 'ಲೆಟ್' ಅಂದರೆ ಬಾಡಿಗೆಗೆ ಕೊಡು. ಬಾಡಿಗೆಗೆ ಕೊಡಲಿರುವ ಮನೆ. ತಲೆಯಾದ 'ಹೌಸ್' ಗೇಟಿನ ಹಿಂದೆ ಎದ್ದು ಕಾಣುತ್ತಿರುವುದರಿಂದ ಬೋರ್ಡಿನಲ್ಲಿ ಬರೆಯುವ ಅಗತ್ಯ ಬಿದ್ದಿಲ್ಲ.

ಹೀಗೆ ನಾಮಪದದ ಬೆನ್ನಿಗೆ 'ಟು' ಸೇರಿದ ಕ್ರಿಯಾಪದ ಅಂಟಿಕೊಳ್ಳುವುದು ಇಂಗ್ಲಿಷಿನಲ್ಲಿ ದಿನಬಳಕೆಯ ರಚನೆ. 'ಎ ಬುಕ್ ಟು ರೀಡ್', 'ದ ಡಿಸಿಷನ್ ಟು ರಿಸೈನ್', 'ದ ಲಾಸ್ಟ್ ಪರ್ಸನ್ ಟು ಲೀವ್'. ವ್ಯಾಕರಣದವರು ಈ 'ಟು' ರೂಪಕ್ಕೆ ಇನ್ಫಿನಿಟಿವ್ ಎನ್ನುತ್ತಾರೆ; ಹೆಸರು ಮರೆತರೂ ನಷ್ಟವಿಲ್ಲ. ಕನ್ನಡದಲ್ಲಿ ಇಂಥ ವಿವರವೆಲ್ಲ ನಾಮಪದಕ್ಕಿಂತ ಮೊದಲೇ ಬಂದು ಮುಗಿಯುತ್ತದೆ: ಓದುವ ಪುಸ್ತಕ, ರಾಜೀನಾಮೆ ಕೊಡುವ ನಿರ್ಧಾರ. ಇಂಗ್ಲಿಷಿನಲ್ಲಿ ಅದೇ ಬಾಲವಾಗಿ ಆಮೇಲೆ ಬರುತ್ತದೆ. ಈ ಹಿಂದುಮುಂದು ನಾಲ್ಕು ದಿನದಲ್ಲಿ ರೂಢಿಯಾಗಿಬಿಡುತ್ತದೆ. ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಕಾಗದಪತ್ರ ಬರೆದವರನ್ನೂ ಬಿಡದೆ ಕಾಡುವ ತೊಡಕು ಬೇರೆಯೇ ಇದೆ. ಅದರ ಮೂಲ ಇರುವುದು ನಮ್ಮ 'ಉವ' ಪ್ರತ್ಯಯದಲ್ಲಿ.

ಒಂದೇ 'ಉವ', ಬಾಲಗಳು ಹಲವು

ಹೈಸ್ಕೂಲಿನ ವ್ಯಾಕರಣ ನೆನಪಿಸಿಕೊಳ್ಳಿ. 'ಮಾಡಿದ, ಮಾಡುವ, ಮಾಡದ' ಇವು ಕೃದಂತನಾಮ. 'ಮಾಡಲು, ಮಾಡಲಿಕ್ಕೆ' ಇವು ಕೃದಂತಾವ್ಯಯ. ಇಂಗ್ಲಿಷ್ ಪಾಠದಲ್ಲಿ 'ಟು ಡೂ ಅಂದರೆ ಮಾಡಲು' ಎಂದು ಹೇಳಿಕೊಟ್ಟಿರುತ್ತಾರೆ. ಕ್ರಿಯಾಪದದ ಜೊತೆಗೆ ಆ ಸಮೀಕರಣ ಸಾಕು: 'ಹಿ ಟ್ರೈಡ್ ಟು ಸ್ಪೀಕ್', ಅವನು ಮಾತಾಡಲು ಯತ್ನಿಸಿದ. ನಾಮಪದ ಬಂದ ಕೂಡಲೇ ಕನ್ನಡ 'ಮಾಡಲು' ಬಿಟ್ಟು ಹೆಚ್ಚಾಗಿ 'ಮಾಡುವ' ಹಿಡಿಯುತ್ತದೆ. ಈಜುವ ಸಾಮರ್ಥ್ಯ, ಹೋಗುವ ನಿರ್ಧಾರ, ಗೆಲ್ಲುವ ಸಾಧ್ಯತೆ, ಬೇಗ ಏಳುವ ಅಭ್ಯಾಸ, ಬೀಳುವ ಭಯ, ಕಲಿಯುವ ಆಸಕ್ತಿ, ಮನೆ ಹುಡುಕುವ ಕಷ್ಟ. ಏಳಕ್ಕೂ ಅದೇ 'ಉವ'.

ಇವೇ ಏಳನ್ನು ಇಂಗ್ಲಿಷಿಗೆ ದಾಟಿಸಿ ನೋಡಿ. 'ದ ಅಬಿಲಿಟಿ ಟು ಸ್ವಿಮ್', 'ದ ಡಿಸಿಷನ್ ಟು ಗೋ'. ಇಲ್ಲಿಗೆ 'ಟು' ಮುಗಿಯಿತು. ಮುಂದಿನವು 'ದ ಪಾಸಿಬಿಲಿಟಿ ಆಫ್ ವಿನ್ನಿಂಗ್', 'ದ ಹ್ಯಾಬಿಟ್ ಆಫ್ ಗೆಟಿಂಗ್ ಅಪ್ ಅರ್ಲಿ', 'ದ ಫಿಯರ್ ಆಫ್ ಫಾಲಿಂಗ್', 'ಆ್ಯನ್ ಇಂಟರೆಸ್ಟ್ ಇನ್ ಲರ್ನಿಂಗ್', 'ಡಿಫಿಕಲ್ಟಿ ಇನ್ ಫೈಂಡಿಂಗ್ ಎ ಹೌಸ್'. ಯಾವ ಬಾಲ ಬೇಕೆಂದು ತೀರ್ಮಾನಿಸುವುದು ನಾಮಪದ. ಕನ್ನಡದ ಕಡೆಯಿಂದ ಯಾವ ಸುಳಿವೂ ಸಿಗುವುದಿಲ್ಲ. ಆದ್ದರಿಂದಲೇ ನಮ್ಮ ತಪ್ಪುಗಳು ಎರಡೂ ದಿಕ್ಕಿಗೆ ಬೀಳುತ್ತವೆ: ಒಂದು ಕಡೆ 'ಅಬಿಲಿಟಿ ಆಫ್ ಸ್ವಿಮಿಂಗ್', ಇನ್ನೊಂದು ಕಡೆ 'ಪಾಸಿಬಿಲಿಟಿ ಟು ವಿನ್'.

ಹಾಗಾದರೆ ಪಟ್ಟಿ ಬಾಯಿಪಾಠ ಮಾಡಬೇಕೆ? ಅರ್ಧದಷ್ಟು ಮಾತ್ರ. ಉಳಿದರ್ಧಕ್ಕೆ ಒಂದು ಪರೀಕ್ಷೆ ಇದೆ. ನಾಮಪದ ಯಾವ ಕ್ರಿಯಾಪದದಿಂದ ಅಥವಾ ಗುಣವಾಚಕದಿಂದ ಹುಟ್ಟಿದೆ ಎಂದು ಕೇಳಿ. ತಾಯಿಗೆ 'ಟು' ಇದ್ದರೆ ಮಗುವಿಗೂ ಸಾಮಾನ್ಯವಾಗಿ ಇರುತ್ತದೆ. 'ಡಿಸೈಡ್ ಟು ಗೋ' ಎನ್ನುತ್ತೇವೆ, ಹಾಗಾಗಿ 'ಡಿಸಿಷನ್ ಟು ಗೋ'. 'ರೆಫ್ಯೂಸ್ ಟು ಪೇ', ಹಾಗಾಗಿ 'ರೆಫ್ಯೂಸಲ್ ಟು ಪೇ'. ಅಟೆಂಪ್ಟ್, ಪ್ಲ್ಯಾನ್, ಪ್ರಾಮಿಸ್, ಆಫರ್, ಫೇಲ್ಯರ್, ಅಗ್ರಿಮೆಂಟ್, ಟೆಂಡೆನ್ಸಿ, ಪರ್ಮಿಷನ್, ಇನ್ವಿಟೇಷನ್, ರಿಮೈಂಡರ್ ಎಲ್ಲವೂ ಇದೇ ಸಾಲು. ಗುಣವಾಚಕದಿಂದ ಬಂದವೂ ಹಾಗೆಯೇ: 'ಏಬಲ್ ಟು' ಇರುವುದರಿಂದ 'ಅಬಿಲಿಟಿ ಟು', 'ವಿಲ್ಲಿಂಗ್ ಟು' ಇರುವುದರಿಂದ 'ವಿಲ್ಲಿಂಗ್‌ನೆಸ್ ಟು', 'ರಿಲಕ್ಟಂಟ್ ಟು' ಇರುವುದರಿಂದ 'ರಿಲಕ್ಟನ್ಸ್ ಟು'.

ಪರೀಕ್ಷೆ ಕೈಕೊಡುವ ಜಾಗ ಇನ್ನೂ ಸ್ವಾರಸ್ಯದ್ದು. 'ಇಟ್ ಈಸ್ ಪಾಸಿಬಲ್ ಟು ವಿನ್' ಸರಿಯಿದ್ದರೂ 'ಪಾಸಿಬಿಲಿಟಿ ಟು ವಿನ್' ತಪ್ಪು. 'ಲೈಕ್ಲಿ ಟು ರೇನ್' ಸರಿ, ಆದರೆ 'ಲೈಕ್ಲಿಹುಡ್ ಆಫ್ ರೇನ್'. 'ಇಂಪಾರ್ಟೆಂಟ್ ಟು ರೀಡ್' ಸರಿ, ಆದರೆ 'ಇಂಪಾರ್ಟೆನ್ಸ್ ಆಫ್ ರೀಡಿಂಗ್'. ಓದಿನ ಮಹತ್ವದ ಮೇಲೆ ಪ್ರಬಂಧ ಬರೆಸಿದರೆ 'ದ ಇಂಪಾರ್ಟೆನ್ಸ್ ಟು ರೀಡ್ ಬುಕ್ಸ್' ಎಂಬ ತಲೆಬರಹ ಖಂಡಿತ ಸಿಗುತ್ತದೆ. 'ಡಿಫಿಕಲ್ಟ್ ಟು ಫೈಂಡ್' ಇದ್ದರೂ 'ಡಿಫಿಕಲ್ಟಿ ಇನ್ ಫೈಂಡಿಂಗ್'.

ಈ ಎರಡು ಗುಂಪುಗಳನ್ನು ಬೇರ್ಪಡಿಸುವ ಗೆರೆ ಇಲ್ಲಿದೆ: ಆ ಗುಣ ಮನುಷ್ಯನದೋ, ಸಂಗತಿಯದೋ? ಸಾಮರ್ಥ್ಯ, ಒಪ್ಪಿಗೆ, ಹಿಂಜರಿಕೆ, ಕಾತರ ಇವೆಲ್ಲ ಮಾಡುವವನ ಒಳಗೆ ಇರುವಂಥವು, ಅವಕ್ಕೆ 'ಟು'. ಸಾಧ್ಯತೆ, ಸಂಭವ, ಮಹತ್ವ, ಖಚಿತತೆ ಇವು ನಡೆಯುವ ಸಂಗತಿಗೆ ಸೇರಿದವು. ಅವಕ್ಕೆ 'ಆಫ್', ಆಮೇಲೆ 'ಇಂಗ್' ರೂಪ. 'ಹಿ ಈಸ್ ಏಬಲ್' ಎಂದರೆ ಅವನ ಬಗ್ಗೆ ಏನೋ ಹೇಳಿದಂತಾಯಿತು. 'ಹಿ ಈಸ್ ಪಾಸಿಬಲ್' ಎಂದರೆ ಅರ್ಥವೇ ಆಗುವುದಿಲ್ಲ. ಅನುಮಾನ ಬಂದಾಗ ಈ ಪುಟ್ಟ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡು ನೋಡಿ. ಹತ್ತರಲ್ಲಿ ಎಂಟು ಸಲ ದಾರಿ ತೋರಿಸುತ್ತದೆ.

ಕ್ರಿಯಾಪದದಿಂದ ಬಂದವುಗಳಲ್ಲೂ ಕೆಲವು ದಾರಿ ತಪ್ಪಿದ ಮಕ್ಕಳಿವೆ. 'ಹೋಪ್ ಟು ವಿನ್' ಎಂದು ಕ್ರಿಯಾಪದ ಹೇಳಿದರೂ ನಾಮಪದ 'ಹೋಪ್ ಆಫ್ ವಿನ್ನಿಂಗ್' ಎನ್ನುತ್ತದೆ. 'ಪ್ರಿಫರ್ ಟು' ಹೋಗಿ 'ಪ್ರಿಫರೆನ್ಸ್ ಫಾರ್' ಆಗುತ್ತದೆ. 'ಲೈಕ್ ಟು' ಹೋಗಿ 'ಲೈಕಿಂಗ್ ಫಾರ್'. 'ಇಂಟೆನ್ಷನ್' ಎರಡನ್ನೂ ಒಪ್ಪುತ್ತದೆ, ಆದರೆ ಹಿಂದೆ 'ನೋ' ಬಂದರೆ 'ಆಫ್' ಕಡೆಗೇ ವಾಲುತ್ತದೆ: 'ಐ ಹ್ಯಾವ್ ನೋ ಇಂಟೆನ್ಷನ್ ಆಫ್ ಸೆಲ್ಲಿಂಗ್ ದಿಸ್ ಸೈಟ್'. ಇವಿಷ್ಟನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ.

ತಾಯಿ ಕ್ರಿಯಾಪದವೇ ಇಲ್ಲದ ನಾಮಪದಗಳೂ ಇವೆ. ಧೈರ್ಯ, ತಾಳ್ಮೆ, ಶಕ್ತಿ, ದುಡ್ಡು, ಸಮಯ ಇಂಥವು ಕೆಲಸಕ್ಕೆ ಹಾಕಬೇಕಾದ ಬಂಡವಾಳ. ಹಿಂದೆ 'ಇನಫ್' ಸೇರಿಸಿ ಅಳೆಯಲು ಬರುವುದಾದರೆ ಮುಂದೆ 'ಟು' ನಿಶ್ಚಿಂತೆಯಿಂದ ಹಾಕಬಹುದು: 'ಇನಫ್ ಕರೇಜ್ ಟು ಸ್ಪೀಕ್', 'ಇನಫ್ ಪೇಷನ್ಸ್ ಟು ಲಿಸನ್', 'ಇನಫ್ ಮನಿ ಟು ಬೈ ಎ ಸ್ಕೂಟರ್'. 'ಕರೇಜ್ ಆಫ್ ಸ್ಪೀಕಿಂಗ್' ಎಂದು ಬರೆದರೆ ಕನ್ನಡದ 'ಮಾತಾಡುವ ಧೈರ್ಯ' ಬಣ್ಣ ಬದಲಿಸದೆ ಹಾಗೇ ಕೂತಿರುತ್ತದೆ.

ಡಿಕ್ಷನರಿ ನೋಡುವ ಅಭ್ಯಾಸವಿದ್ದರೆ, ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ಇಟ್ಟುಕೊಳ್ಳಿ. ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ಕೊಡುತ್ತದೆ, ಬಾಲ ಕೊಡುವುದಿಲ್ಲ. ಲರ್ನರ್ಸ್ ಡಿಕ್ಷನರಿಯಲ್ಲಿ ನಾಮಪದದ ಅರ್ಥದ ಪಕ್ಕದಲ್ಲೇ 'ಟು ಡೂ ಸಂಥಿಂಗ್' ಅಥವಾ 'ಆಫ್ ಡೂಯಿಂಗ್ ಸಂಥಿಂಗ್' ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅರ್ಥ ಸಿಕ್ಕ ಕೂಡಲೇ ಪುಟ ಮುಚ್ಚುವವರಿಗೆ ಆ ಸಾಲು ಕಾಣುವುದೇ ಇಲ್ಲ. ಹೊಸ ನಾಮಪದ ನೋಟ್‌ಬುಕ್ಕಿಗೆ ಇಳಿಸುವಾಗ ಬಾಲ ಸಮೇತ ಇಳಿಸಿ; 'ಡಿಸಿಷನ್ = ನಿರ್ಧಾರ' ಎಂಬ ಸಾಲಿನಿಂದ ವಾಕ್ಯ ಹುಟ್ಟುವುದಿಲ್ಲ.

ಎರಡು ಬಾಲ, ಎರಡು ಅರ್ಥ

ಕೆಲವು ನಾಮಪದಗಳು ಎರಡೂ ಬಾಲ ಇಟ್ಟುಕೊಳ್ಳುತ್ತವೆ, ಅರ್ಥ ಮಾತ್ರ ಬೇರೆ. 'ಚಾನ್ಸ್' ಇದರಲ್ಲಿ ಮೊದಲನೆಯದು. 'ಎ ಚಾನ್ಸ್ ಟು ಪ್ಲೇ' ಅಂದರೆ ಆಡುವ ಅವಕಾಶ. 'ಎ ಚಾನ್ಸ್ ಆಫ್ ವಿನ್ನಿಂಗ್' ಅಂದರೆ ಗೆಲ್ಲುವ ಸಂಭವ. ಕನ್ನಡದಲ್ಲಿ 'ಆಡೋ ಚಾನ್ಸ್', 'ಗೆಲ್ಲೋ ಚಾನ್ಸ್' ಎಂದು ಎರಡನ್ನೂ ಒಂದೇ ಥರ ಹೇಳುತ್ತೇವಾದ್ದರಿಂದ ವ್ಯತ್ಯಾಸ ಮುಚ್ಚಿಹೋಗುತ್ತದೆ. ತಂಡಕ್ಕೆ ಆಯ್ಕೆಯಾದವನಿಗೆ ಸಿಕ್ಕಿದ್ದು 'ಟು' ಚಾನ್ಸ್. ಅವನ ತಂಡ ರನ್ ಬೆನ್ನಟ್ಟುತ್ತ ಹತ್ತು ವಿಕೆಟ್ ಕಳಕೊಂಡ ಮೇಲೆ ಉಳಿಯದೇ ಹೋದದ್ದು 'ಆಫ್' ಚಾನ್ಸ್.

'ರೀಸನ್' ಎರಡನೆಯದು. ಕೆಲಸದ ಅರ್ಜಿ ನಮೂನೆಯಲ್ಲಿ ಹಳೆಯ ಕೆಲಸಗಳ ಪಟ್ಟಿಯ ಕೊನೆಯ ಕಾಲಮ್ಮಿನ ಮೇಲೆ 'ರೀಸನ್ ಫಾರ್ ಲೀವಿಂಗ್' ಎಂದಿರುತ್ತದೆ. ಬಿಟ್ಟದ್ದಾಗಿದೆ, ಯಾಕೆ ಬಿಟ್ಟಿರಿ ಎಂದು ಅದು ಕೇಳುತ್ತಿದೆ. ಅದೇ 'ಎ ರೀಸನ್ ಟು ಲೀವ್' ಎಂದರೆ ಬಿಡಲು ತಕ್ಕ ಕಾರಣ. ಬಿಡುವುದು ಇನ್ನೂ ಆಗಿಲ್ಲ, ಆಗದೆಯೂ ಇರಬಹುದು. ಕನ್ನಡದಲ್ಲಿ 'ಬಿಟ್ಟ ಕಾರಣ', 'ಬಿಡುವುದಕ್ಕೆ ಕಾರಣ' ಎಂದು ಕಾಲದಿಂದ ಹೇಳುವುದನ್ನು ಇಂಗ್ಲಿಷ್ ಇಲ್ಲಿ ಬಾಲದಿಂದ ಹೇಳುತ್ತದೆ. 'ಟು' ಇರುವ ಕಡೆ ಕಣ್ಣು ಸಾಮಾನ್ಯವಾಗಿ ಮುಂದಕ್ಕೆ, ಇನ್ನೂ ಆಗಬೇಕಾದ್ದರ ಕಡೆಗೆ ಇರುತ್ತದೆ. ಒಂದು ದೊಡ್ಡ ಅಪವಾದ 'ಫಸ್ಟ್' ಗುಂಪು. ಅಲ್ಲಿಗೆ ಆಮೇಲೆ ಬರೋಣ.

'ವೇ' ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 'ದ ಬೆಸ್ಟ್ ವೇ ಟು ಕುಕ್ ರೈಸ್', 'ದ ಬೆಸ್ಟ್ ವೇ ಆಫ್ ಕುಕಿಂಗ್ ರೈಸ್' ಎರಡೂ ನಡೆಯುತ್ತವೆ. ಅದರ ಅಣ್ಣತಮ್ಮನಂತಿರುವ 'ಮೆಥಡ್' ಮಾತ್ರ ಸಾಮಾನ್ಯವಾಗಿ 'ಆಫ್' ಅಥವಾ 'ಫಾರ್' ಹಿಡಿಯುತ್ತದೆ, 'ಟು' ಅಲ್ಲ.

'ಎಂಬ' ಬಂದರೆ

ಕನ್ನಡದಲ್ಲಿ ನಾಮಪದಕ್ಕೆ ವಿವರ ಕಟ್ಟುವ ಇನ್ನೊಂದು ದಾರಿ 'ಎಂಬ', ಮಾತಿನಲ್ಲಿ 'ಅನ್ನೋ'. ಡಾಕ್ಟರ್ ಆಗಬೇಕೆಂಬ ಆಸೆ. ಇದನ್ನು ನೇರವಾಗಿ ತರ್ಜುಮೆ ಮಾಡಿದಾಗ 'ಎ ಡಿಸೈರ್ ದಟ್ ಶಿ ಷುಡ್ ಬಿಕಮ್ ಎ ಡಾಕ್ಟರ್' ಎಂಬ ಉದ್ದನೆಯ ಸಾಲು ಬರುತ್ತದೆ. ಆಸೆಪಡುವವಳೂ ಡಾಕ್ಟರ್ ಆಗುವವಳೂ ಒಬ್ಬಳೇ ಆದ್ದರಿಂದ 'ಹರ್ ಡಿಸೈರ್ ಟು ಬಿಕಮ್ ಎ ಡಾಕ್ಟರ್' ಸಾಕು.

ಇಲ್ಲಿ ಕನ್ನಡ ಒಳ್ಳೆಯ ಸುಳಿವು ಕೊಡುತ್ತದೆ. 'ಎಂಬ'ದ ಹಿಂದೆ 'ಬೇಕು' ಇದೆಯೋ, ನಡೆದ ಸಂಗತಿ ಇದೆಯೋ ನೋಡಿ. 'ಬೇಕು' ಇದ್ದು ಕರ್ತೃ ಒಂದೇ ಆಗಿದ್ದರೆ 'ಟು'. 'ಅವನು ಊರು ಬಿಟ್ಟಿದ್ದಾನೆ ಎಂಬ ಸುದ್ದಿ', 'ಭೂಮಿ ಗುಂಡಗಿದೆ ಎಂಬ ಸತ್ಯ' ಥರದ್ದಾದರೆ 'ದಟ್': 'ದ ನ್ಯೂಸ್ ದಟ್ ಹಿ ಹ್ಯಾಸ್ ಲೆಫ್ಟ್', 'ದ ಫ್ಯಾಕ್ಟ್ ದಟ್ ದಿ ಅರ್ತ್ ಈಸ್ ರೌಂಡ್'. ನ್ಯೂಸ್, ಫ್ಯಾಕ್ಟ್, ರೂಮರ್, ಬಿಲೀಫ್ ಇವುಗಳ ಬೆನ್ನಿಗೆ ಇಂಥ ಕಡೆ 'ಟು' ಹಾಕಲು ಬರುವುದಿಲ್ಲ. 'ಬೇಕು' ಇದ್ದೂ ಕರ್ತೃ ಬೇರೆಯಾದಾಗ, ಅಂದರೆ 'ಸಚಿವರು ರಾಜೀನಾಮೆ ಕೊಡಬೇಕೆಂಬ ಒತ್ತಾಯ' ಎಂಬಲ್ಲಿ, 'ದ ಡಿಮಾಂಡ್ ದಟ್ ದ ಮಿನಿಸ್ಟರ್ ರಿಸೈನ್' ಎಂದು 'ದಟ್' ಮತ್ತೆ ಬರುತ್ತದೆ.

'ಹೋಗಬಾರದೆಂಬ ನಿರ್ಧಾರ' ಎಂದು 'ಬಾರದು' ಬಂದರೆ 'ನಾಟ್' ಅನ್ನು 'ಟು'ವಿಗಿಂತ ಮೊದಲು ಇಡಿ: 'ದ ಡಿಸಿಷನ್ ನಾಟ್ ಟು ಗೋ'. 'ಡಿಸಿಷನ್ ಟು ಡೋಂಟ್ ಗೋ' ಎಂದು ಬರೆಯುವವರು ಇದ್ದಾರೆ. ಅಲ್ಲಿ 'ಡೋಂಟ್'ಗೆ ಕೆಲಸವೇ ಇಲ್ಲ.

ವೇಷ ಹಾಕಿದ 'ಟು'

ಈಗ ದೊಡ್ಡ ಗುಂಡಿ. ನಾಮಪದದ ಮುಂದೆ 'ಟು' ಕಂಡ ಮಾತ್ರಕ್ಕೆ ಅದು ಇನ್ಫಿನಿಟಿವ್ ಆಗಬೇಕೆಂದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಹೆಸರು 'ರೈಟ್ ಟು ಇನ್ಫರ್ಮೇಷನ್'. ಇಲ್ಲಿ 'ಟು' ಬರೀ ಪ್ರಿಪೊಸಿಷನ್, ನಮ್ಮ ಚತುರ್ಥಿಯ 'ಕ್ಕೆ' ಇದ್ದ ಹಾಗೆ, ಮುಂದೆ ನಾಮಪದ. 'ರೈಟ್ ಟು ನೋ' ಎಂದರೆ ಅದು ಇನ್ಫಿನಿಟಿವ್, ಮುಂದೆ ಕ್ರಿಯಾಪದ.

ಎರಡೂ ಅಕ್ಕಪಕ್ಕ ಕೂತಿರುವುದನ್ನು ನೋಡಬೇಕಾದರೆ ಸಂವಿಧಾನದ 19ನೇ ವಿಧಿಯ ಒಂದನೇ ಖಂಡ ತೆಗೆಯಿರಿ. ನಾಗರಿಕರೆಲ್ಲರಿಗೂ 'ದ ರೈಟ್' ಇದೆ ಎಂದು ಹೇಳಿ ಅದರ ಕೆಳಗೆ ಬಾಲಗಳನ್ನು ಒಂದೊಂದಾಗಿ ಜೋಡಿಸಿದ್ದಾರೆ. ಮೊದಲ ಬಾಲ 'ಟು ಫ್ರೀಡಂ ಆಫ್ ಸ್ಪೀಚ್ ಆ್ಯಂಡ್ ಎಕ್ಸ್‌ಪ್ರೆಷನ್', ಇದು ಪ್ರಿಪೊಸಿಷನ್. ಎರಡನೆಯದು 'ಟು ಅಸೆಂಬಲ್ ಪೀಸಬ್ಲಿ ಆ್ಯಂಡ್ ವಿದೌಟ್ ಆರ್ಮ್ಸ್', ಇದು ಇನ್ಫಿನಿಟಿವ್. 'ರೈಟ್' ಎರಡನ್ನೂ ಹೊರಬಲ್ಲ ನಾಮಪದವಾದ್ದರಿಂದ ಒಂದೇ ತಲೆಗೆ ಎರಡು ಜಾತಿಯ ಬಾಲ ಸಲೀಸಾಗಿ ಹೊಂದಿಕೊಂಡಿದೆ.

ಎಲ್ಲ ನಾಮಪದಗಳೂ ಅಷ್ಟು ಉದಾರಿಗಳಲ್ಲ. ಅಬ್ಜೆಕ್ಷನ್, ಅಲ್ಟರ್ನೇಟಿವ್, ಅಪ್ರೋಚ್, ಅಡಿಕ್ಷನ್, ಡೆಡಿಕೇಷನ್ ಇವುಗಳ ಮುಂದಿನ 'ಟು' ಪ್ರಿಪೊಸಿಷನ್ನೇ. ಕ್ರಿಯಾಪದ ಬೇಕಾದರೆ 'ಇಂಗ್' ರೂಪದಲ್ಲೇ ಬರಬೇಕು. ಇದರ ಏಟು ಬೀಳುವುದು ಆಫೀಸುಗಳ ನಿರಾಕ್ಷೇಪಣಾ ಪತ್ರದಲ್ಲಿ, ಅಂದರೆ ಎನ್‌ಒಸಿಯಲ್ಲಿ. 'ವಿ ಹ್ಯಾವ್ ನೋ ಅಬ್ಜೆಕ್ಷನ್ ಟು ಇಷ್ಯೂ ದ ಪಾಸ್‌ಪೋರ್ಟ್' ಎಂಬ ಸಾಲು ಒಂದು ಕಡತದಿಂದ ಇನ್ನೊಂದು ಕಡತಕ್ಕೆ ನಕಲಾಗುತ್ತಲೇ ಇರುತ್ತದೆ. ಇದರಲ್ಲಿ ಎರಡು ದೋಷ. 'ಟು ಇಷ್ಯೂ' ಎಂಬಲ್ಲಿ ಕ್ರಿಯಾಪದ ಇನ್ಫಿನಿಟಿವ್ ಆಗಿ ಬಂದಿದೆ. ಜೊತೆಗೆ, ಪಾಸ್‌ಪೋರ್ಟ್ ಕೊಡುವವರು ಈ ಆಫೀಸಿನವರೇ ಎಂಬಂತೆ ಕೇಳಿಸುತ್ತದೆ. 'ವಿ ಹ್ಯಾವ್ ನೋ ಅಬ್ಜೆಕ್ಷನ್ ಟು ದಿ ಇಷ್ಯೂ ಆಫ್ ದ ಪಾಸ್‌ಪೋರ್ಟ್' ಎಂದು ಒಂದು 'ದಿ', ಒಂದು 'ಆಫ್' ಸೇರಿಸಿದರೆ 'ಇಷ್ಯೂ' ನಾಮಪದವಾಗಿ ಎರಡೂ ದೋಷ ಒಟ್ಟಿಗೆ ತೊಲಗುತ್ತವೆ.

ಯಾವ 'ಟು' ಎಂದು ತಿಳಿಯಲು ಅದರ ಮುಂದೆ 'ಇಟ್' ಅಥವಾ 'ದಿಸ್' ಇಟ್ಟು ನೋಡಿ. 'ನೋ ಅಬ್ಜೆಕ್ಷನ್ ಟು ದಿಸ್' ಕಿವಿಗೆ ಒಪ್ಪುತ್ತದೆ, ಹಾಗಾಗಿ ಪ್ರಿಪೊಸಿಷನ್. 'ಡಿಸಿಷನ್ ಟು ದಿಸ್' ಒಪ್ಪುವುದಿಲ್ಲ, ಹಾಗಾಗಿ ಇನ್ಫಿನಿಟಿವ್.

ಕುರ್ಚಿಯ ಕಾಲಿಗೆ ಸಿಕ್ಕಿಕೊಂಡ 'ಆನ್'

ಇಷ್ಟು ಹೊತ್ತು ನಿರ್ಧಾರ, ಧೈರ್ಯ ಎಂದು ಕಣ್ಣಿಗೆ ಕಾಣದ ನಾಮಪದಗಳ ಮಾತಾಯಿತು. ಕುರ್ಚಿ, ಪೆನ್ನು, ಮನೆ, ನೀರು ಇವುಗಳ ವಿಷಯದಲ್ಲಿ 'ಟು'ವೋ 'ಆಫ್'ವೋ ಎಂಬ ಗೊಂದಲ ಅಷ್ಟಾಗಿ ಇಲ್ಲ. ಕನ್ನಡವೂ ಇಲ್ಲಿ 'ಕುಡಿಯೋಕೆ ನೀರು', ಮಂಗಳೂರಿನ ಕಡೆ 'ಕುಡೀಲಿಕ್ಕೆ ನೀರು', ಧಾರವಾಡದ ಕಡೆ 'ಕುಡ್ಯಾಕ ನೀರು' ಎಂದು ಇಂಗ್ಲಿಷಿನ 'ವಾಟರ್ ಟು ಡ್ರಿಂಕ್'ಗೆ ಹತ್ತಿರವೇ ನಿಲ್ಲುತ್ತದೆ. ತೊಂದರೆ ಬಾಲದ ತುದಿಯಲ್ಲಿದೆ.

'ಕೂರೋಕೆ ಒಂದು ಕುರ್ಚಿ' ಎನ್ನುವುದನ್ನು 'ಎ ಚೇರ್ ಟು ಸಿಟ್' ಎಂದರೆ ಸಾಲದು. 'ಎ ಚೇರ್ ಟು ಸಿಟ್ ಆನ್' ಆಗಬೇಕು. ಈ ತಪ್ಪು ಯಾಕೆ ಆಗುತ್ತದೆಂದರೆ, ಕನ್ನಡದಲ್ಲಿ ವಿವರ ನಾಮಪದದ ಹಿಂದೆ ಸೇರಿಕೊಳ್ಳುವಾಗ ವಿಭಕ್ತಿ ಉದುರಿಹೋಗುತ್ತದೆ. 'ಕುರ್ಚಿಯ ಮೇಲೆ ಕೂತೆ' ಎಂಬಲ್ಲಿ 'ಮೇಲೆ' ಇದೆ. 'ನಾನು ಕೂತ ಕುರ್ಚಿ' ಎಂದೊಡನೆ 'ಮೇಲೆ' ಮಾಯ. 'ಪೆನ್ನಿನಿಂದ ಬರೆದೆ', ಆದರೆ 'ನಾನು ಬರೆದ ಪೆನ್ನು'. 'ಮನೆಯಲ್ಲಿ ಇದ್ದೆ', ಆದರೆ 'ನಾನಿದ್ದ ಮನೆ'. ಮೇಲೆ, ಇಂದ, ಅಲ್ಲಿ ಮೂರೂ ಸದ್ದಿಲ್ಲದೆ ಹೋದವು, ಅರ್ಥಕ್ಕೇನೂ ಕುಂದಿಲ್ಲ. ಇಂಗ್ಲಿಷಿನಲ್ಲಿ ಅವು ಹೋಗುವುದಿಲ್ಲ. ಬಾಲದ ಕೊನೆಯಲ್ಲಿ ನೇತಾಡಿಕೊಂಡಾದರೂ ಉಳಿಯಬೇಕು: 'ಎ ಪೆನ್ ಟು ರೈಟ್ ವಿತ್', 'ಎ ಹೌಸ್ ಟು ಲಿವ್ ಇನ್', 'ಎ ಫ್ರೆಂಡ್ ಟು ಟಾಕ್ ಟು', 'ನಥಿಂಗ್ ಟು ವರಿ ಅಬೌಟ್'.

ಪರೀಕ್ಷಿಸುವುದು ಸುಲಭ. ಬಾಲದ ಕ್ರಿಯಾಪದವನ್ನು ಎತ್ತಿಕೊಂಡು ನಾಮಪದವನ್ನು ಅದರ ಮುಂದೆ ಇಟ್ಟು ಪೂರ್ಣ ವಾಕ್ಯ ಮಾಡಿ. 'ಸಿಟ್ ಎ ಚೇರ್' ಆಗದು, 'ಸಿಟ್ ಆನ್ ಎ ಚೇರ್' ಬೇಕು; ಆದ್ದರಿಂದ 'ಆನ್' ಉಳಿಯಬೇಕು. 'ರೀಡ್ ಎ ಬುಕ್' ಸರಿಯಿದೆ. ಆದ್ದರಿಂದ 'ಎ ಬುಕ್ ಟು ರೀಡ್' ಸಾಕು, ಕೊನೆಗೆ ಏನೂ ಬೇಡ. 'ಇಟ್' ಕೂಡ ಬೇಡ. 'ದಿಸ್ ಈಸ್ ದ ಫಾರ್ಮ್ ಟು ಫಿಲ್ ಇಟ್' ಎಂದು ಬರೆದರೆ ಒಂದೇ ಫಾರ್ಮನ್ನು ಎರಡು ಸಲ ಹೇಳಿದಂತೆ.

ಕೆಲವು ರಿಯಾಯಿತಿಗಳುಂಟು. ಪ್ಲೇಸ್, ಟೈಮ್, ವೇ ಈ ಮೂರರ ಜೊತೆ ಪ್ರಿಪೊಸಿಷನ್ ಬಿಡಬಹುದು: 'ಎ ಪ್ಲೇಸ್ ಟು ಲಿವ್' ಸರಿ, ಆದರೆ 'ಎ ಹೌಸ್ ಟು ಲಿವ್' ತಪ್ಪು. ತರ್ಕ ಹುಡುಕಬೇಡಿ, ಬಳಕೆ ಹಾಗಿದೆ. ಬಾಲದೊಳಗೆ ಬೇರೆ ಕರ್ಮಪದ ಇದ್ದಾಗಲೂ 'ವಿತ್' ಬಿಟ್ಟರೆ ನಡೆಯುತ್ತದೆ: 'ಎ ನೈಫ್ ಟು ಕಟ್ ದ ವೆಜಿಟಬಲ್ಸ್'. ವೆಜಿಟಬಲ್ಸ್ ತೆಗೆದರೆ 'ಎ ನೈಫ್ ಟು ಕಟ್ ವಿತ್' ಆಗಬೇಕು, ಇಲ್ಲದಿದ್ದರೆ ಚಾಕುವನ್ನೇ ಕತ್ತರಿಸಲು ಹೊರಟಂತೆ.

ಕೊನೆಯಲ್ಲಿ ಪ್ರಿಪೊಸಿಷನ್ ನೇತಾಡುವುದು ಒರಟು ಎನ್ನುವವರಿಗೆ 'ಎ ಚೇರ್ ಆನ್ ವಿಚ್ ಟು ಸಿಟ್' ಇದೆ. ಸರಿಯೇ, ಆದರೆ ಕುರ್ಚಿ ಕೇಳಲು ಯಾರೂ ಹೀಗೆ ಮಾತಾಡುವುದಿಲ್ಲ. ಎರಡನ್ನೂ ಬೆರೆಸಿ 'ಎ ಚೇರ್ ಆನ್ ವಿಚ್ ಟು ಸಿಟ್ ಆನ್' ಎಂದರೆ 'ಆನ್' ಎರಡು ಸಲ. 'ಎ ಚೇರ್ ವಿಚ್ ಟು ಸಿಟ್ ಆನ್' ಅಂತೂ ಯಾವ ಕಡೆಯೂ ಸಲ್ಲದು.

ಮಾಡುವವರು ಬೇರೆಯವರಾದರೆ

'ನಾವು ಹೊರಡುವ ಹೊತ್ತು', 'ಮಕ್ಕಳು ಆಡುವ ಪಾರ್ಕು'. ಕನ್ನಡದಲ್ಲಿ ಕರ್ತೃ ಪ್ರಥಮಾ ವಿಭಕ್ತಿಯಲ್ಲೇ ಸುಮ್ಮನೆ ಬಂದು ಕೂರುತ್ತದೆ. ಇಂಗ್ಲಿಷಿನ 'ಟು' ಬಾಲದೊಳಗೆ ಕರ್ತೃವಿಗೆ ನೇರ ಪ್ರವೇಶವಿಲ್ಲ, 'ಫಾರ್' ಕೈಹಿಡಿದು ಕರೆತರಬೇಕು: 'ಟೈಮ್ ಫಾರ್ ಅಸ್ ಟು ಲೀವ್'. ಬಂದ ಮೇಲೆ 'ವಿ' ಹೋಗಿ 'ಅಸ್', 'ಹಿ' ಹೋಗಿ 'ಹಿಮ್' ಆಗುತ್ತದೆ. ಪಾರ್ಕಿಗೆ ಎರಡೂ ಪಾಠ ಒಟ್ಟಿಗೆ ಬೇಕು: 'ಎ ಪಾರ್ಕ್ ಫಾರ್ ಚಿಲ್ಡ್ರನ್ ಟು ಪ್ಲೇ ಇನ್'. ಮೊದಲಲ್ಲಿ 'ಫಾರ್', ಕೊನೆಯಲ್ಲಿ 'ಇನ್'.

ನಿರ್ಧಾರ, ಸಾಮರ್ಥ್ಯದಂಥವಕ್ಕೆ ಮಾತ್ರ 'ಫಾರ್' ಬೇಡ, ಯಜಮಾನರನ್ನು ನಾಮಪದದ ಹಿಂದೆ ಇಡಿ: 'ಹರ್ ಡಿಸಿಷನ್ ಟು ರಿಸೈನ್'. 'ದ ಡಿಸಿಷನ್ ಫಾರ್ ಹರ್ ಟು ರಿಸೈನ್' ಎಂದರೆ ಬೇರೆ ಯಾರೋ ಕೂತು ಆಕೆಯ ರಾಜೀನಾಮೆಯನ್ನು ತೀರ್ಮಾನಿಸಿದಂತಾಗುತ್ತದೆ. ಆಫೀಸ್ ಟಿಪ್ಪಣಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಮೊದಲಿಗ, ಕೊನೆಯವ, ಒಬ್ಬನೇ

ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದ ಮೊದಲ ಕನ್ನಡಿಗ. ಇದು ಇಂಗ್ಲಿಷಿನಲ್ಲಿ 'ದ ಫಸ್ಟ್ ಕನ್ನಡಿಗ ಟು ಬಿಕಮ್ ಪ್ರೈಮ್ ಮಿನಿಸ್ಟರ್'. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ 'ದ ಫಸ್ಟ್ ಇಂಡಿಯನ್ ಟು ಗೋ ಇಂಟು ಸ್ಪೇಸ್'. ಕನ್ನಡದಲ್ಲಿ 'ಆದ', 'ಹೋದ' ಎಂಬ ಭೂತಕಾಲ. ಇಂಗ್ಲಿಷಿನಲ್ಲಿ ಕಾಲವೇ ಇಲ್ಲದ 'ಟು'. ಮುಗಿದ ಸಂಗತಿಗೂ 'ಟು' ಬರುವ ಅಪವಾದ ಎಂದದ್ದು ಇದನ್ನೇ. ಫಸ್ಟ್, ಸೆಕೆಂಡ್, ಲಾಸ್ಟ್, ನೆಕ್ಸ್ಟ್, ಓನ್ಲಿ, ಜೊತೆಗೆ 'ಯಂಗೆಸ್ಟ್' ಥರದ ಪದಗಳು ಹಿಂದೆ ಇದ್ದರೆ ಈ ಪರವಾನಗಿ ಸಿಗುತ್ತದೆ. ಭೂತಕಾಲವನ್ನು ತುರುಕಲು ಹೋಗಿ 'ದ ಫಸ್ಟ್ ಇಂಡಿಯನ್ ವೆಂಟ್ ಇಂಟು ಸ್ಪೇಸ್' ಎಂದರೆ ಬಾಲ ಹೋಗಿ ಪೂರ್ತಿ ವಾಕ್ಯವೇ ಆಗಿಬಿಡುತ್ತದೆ. 'ಹೂ ವೆಂಟ್' ಎಂದರೆ ತಪ್ಪಿಲ್ಲ, 'ಟು' ಇನ್ನೂ ಸಹಜ.

ಒಂದು ಎಚ್ಚರಿಕೆ. ಈ ಭೂತಕಾಲದ ಅರ್ಥ ಬರಬೇಕಾದರೆ ನಾಮಪದವೇ ಬಾಲದ ಕ್ರಿಯೆಯ ಕರ್ತೃ ಆಗಿರಬೇಕು. ಹೋದವನು ಶರ್ಮಾ, ಸರಿ. 'ನಾನು ಓದಿದ ಮೊದಲ ಪುಸ್ತಕ' ಎಂಬಲ್ಲಿ ಪುಸ್ತಕ ಓದಿಲ್ಲ, ಓದಿಸಿಕೊಂಡಿದೆ. ಅದು 'ದ ಫಸ್ಟ್ ಬುಕ್ ಐ ರೆಡ್'. 'ದ ಫಸ್ಟ್ ಬುಕ್ ಟು ರೀಡ್' ಎಂದರೆ ಮೊದಲು ಓದಬೇಕಾದ ಪುಸ್ತಕ, ಅಂದರೆ ಇನ್ನೂ ಓದಿಲ್ಲ. ಕನ್ನಡದ 'ಓದಿದ', 'ಓದಬೇಕಾದ' ಎರಡರ ನಡುವಿನ ಅಂತರವೆಲ್ಲ ಇಲ್ಲಿ ಅಡಗಿದೆ.

'ಟು ಡೂ'ವೋ, 'ಟು ಬಿ ಡನ್'ವೋ

ಮಾಡುವವರು ವಾಕ್ಯದಲ್ಲೇ 'ಹ್ಯಾವ್' ಹಿಡಿದು ನಿಂತಿದ್ದರೆ ಕರ್ತರಿ ರೂಪ ಸಾಕು: 'ಐ ಹ್ಯಾವ್ ತ್ರೀ ಲೆಟರ್ಸ್ ಟು ರೈಟ್'. ಇಲ್ಲಿ 'ಟು ಬಿ ರಿಟನ್' ಎಂದರೆ ಬರೆಯುವ ಕೆಲಸ ಬೇರೆಯವರದೇನೋ ಎಂಬ ಅನುಮಾನ ಬರುತ್ತದೆ. ಮಾಡುವವರ ಸುಳಿವಿಲ್ಲದೆ ವಸ್ತುವನ್ನಷ್ಟೇ ತೋರಿಸುವಾಗ ಕರ್ಮಣಿ ಹೊಂದುತ್ತದೆ: 'ದ ಲೆಟರ್ಸ್ ಟು ಬಿ ಸೈನ್ಡ್ ಆರ್ ಇನ್ ದ ರೆಡ್ ಫೋಲ್ಡರ್'. 'ದೇರ್ ಈಸ್ ವರ್ಕ್ ಟು ಡೂ', 'ದೇರ್ ಈಸ್ ವರ್ಕ್ ಟು ಬಿ ಡನ್' ಥರದ 'ದೇರ್ ಈಸ್' ವಾಕ್ಯಗಳಲ್ಲಿ ಎರಡೂ ನಡೆಯುತ್ತವೆ. 'ಹೌಸ್ ಟು ಲೆಟ್' ಕೂಡ ಕರ್ತರಿ ರೂಪದಲ್ಲೇ ಕರ್ಮಣಿಯ ಅರ್ಥ ಕೊಡುವ ಹಳೆಯ ಅಚ್ಚು. ಮನೆ ಯಾರಿಗೂ ಬಾಡಿಗೆ ಕೊಡುವುದಿಲ್ಲ, ಮನೆಯನ್ನು ಕೊಡುತ್ತಾರೆ.

'ನಥಿಂಗ್' ಬಂದಾಗ ಮಾತ್ರ ಈ ಸ್ವಾತಂತ್ರ್ಯವಿಲ್ಲ. 'ದೇರ್ ಈಸ್ ನಥಿಂಗ್ ಟು ಡೂ' ಎಂದರೆ ಮಾಡೋಕೆ ಕೆಲಸವಿಲ್ಲ, ಬೇಜಾರು, ಭಾನುವಾರ ಮಧ್ಯಾಹ್ನದ ಮಾತು. 'ದೇರ್ ಈಸ್ ನಥಿಂಗ್ ಟು ಬಿ ಡನ್' ಎಂದರೆ ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ, ಕೈಮೀರಿತು. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿದ ಮೆಕ್ಯಾನಿಕ್ ಇವೆರಡರಲ್ಲಿ ಯಾವುದನ್ನು ಹೇಳುತ್ತಾನೆ ಎಂಬುದರ ಮೇಲೆ ಗಾಡಿ ಮನೆಗೋ ಗುಜರಿಗೋ ಎಂದು ತೀರ್ಮಾನವಾಗುತ್ತದೆ.